ಎರಡಕ್ಕೆ ಮೂರು ಕೂಡಿಸಲು ಸಿ ಭಾಷೆಯ ಸಹಾಯ

ಪೈಥಾನಿನಿಂದ ಸಿ ಭಾಷೆಯ ಕೋಡನ್ನು ಕರೆಯುವುದು ಹೇಗೆಂದು ಹೊಸಬರಿಗೆ ಹೇಳಿಕೊಡುವ ಸಮಸ್ತ ಗುರುಗಳನ್ನೂ ಒಂದೇ ಪ್ರಶ್ನೆ ಕಾಡುತ್ತಿರುವಂತಿದೆ: ಎರಡಕ್ಕೆ ಮೂರು ಕೂಡಿಸಿದರೆ ಎಷ್ಟು? ಅದಕ್ಕಾಗಿ ಸಿ ಭಾಷೆಯಲ್ಲಿ ಒಂದು ಫಂಕ್ಷನ್ ಬರೆಯುತ್ತಾರೆ. ಜಿಸಿಸಿ ಎಂಬ ಕಂಪೈಲರಿಗೆ ಕೊಟ್ಟು ಕಂಪೈಲ್ ಮಾಡಿ, ಲೈಬ್ರರಿ ಫೈಲ್ ಕಟ್ಟಿ, 2006ರಿಂದ ಪೈಥಾನಿನ ಜೊತೆಗೇ ಬರುತ್ತಿರುವ ಸಿಟೈಪ್ಸ್ ಮೂಲಕ ಲೋಡ್ ಮಾಡುತ್ತಾರೆ. 5 ಬರುತ್ತದೆ. ಗುರುಗಳು ಬೆವರೊರೆಸಿಕೊಳ್ಳುತ್ತಾರೆ. ಚಿಕ್ಕನಾಯಕನಹಳ್ಳಿಯಿಂದ ಲಾರಿ ಮಾಡಿಕೊಂಡು ತಿಪಟೂರು ಮಂಡಿಗೆ ಹೋಗಿ, ಎರಡು ಕಾಯಿ ಇಳಿಸಿ, ಎರಡೇ ಇವೆ ಎಂದು ಎಣಿಸಿಕೊಂಡು ಬಂದ ಹಾಗೆ. ವೇಗಕ್ಕಾಗಿ ಸಿ ಎಂದು ಶುರುವಾದ ಪಾಠದಲ್ಲಿ ಕೂಡುವುದಕ್ಕಿಂತ ಕರೆಯುವುದಕ್ಕೇ ಹೆಚ್ಚು ಹೊತ್ತು ಹಿಡಿಯುತ್ತದೆ.

ತುರುವೇಕೆರೆಯ ಯಾವ ಜಗಲಿಯ ಮೇಲಾದರೂ ನಡೆಯಬಹುದಾದ ಮಾತು ಇದು.

“ಇಷ್ಟೊತ್ತು ಏನ್ಲಾ ಮಾಡ್ತಿದ್ದೆ?”

“ಸಿ ಫಂಕ್ಷನ್ ಕರೀತಿದ್ದೆ ತಾತ.”

“ಬಂತಾ?”

“ಬಂತು. ಐದು ಅಂತು.”

“ಅದು ನಂಗೂ ಗೊತ್ತಿತ್ತಲ್ಲೋ, ನನ್ನೇ ಕರೀಬಾರ್ದಿತ್ತಾ?”

ಕೂಡುವುದರಲ್ಲಿ ಬೇಸರ ಬಂದ ಗುರುಗಳು ಫ್ಯಾಕ್ಟೋರಿಯಲ್‌ಗೆ ಬಡ್ತಿ ಪಡೆಯುತ್ತಾರೆ. ಸಿ ಕೋಡನ್ನು ಪೈಥಾನಿನಂಥ ಭಾಷೆಗಳಿಗೆ ಜೋಡಿಸಲು 1996ರಲ್ಲಿ ಡೇವಿಡ್ ಬೀಜ್ಲಿ ಹೊರತಂದ ಸ್ವಿಗ್ ಎಂಬ ಸಲಕರಣೆ ಹುಟ್ಟಿದ್ದು ಲಾಸ್ ಅಲಮೋಸ್ ಪ್ರಯೋಗಾಲಯದಲ್ಲಿ, ಅಣುಗಳ ಚಲನೆಯನ್ನು ಲೆಕ್ಕಹಾಕುವ ದೈತ್ಯ ಪ್ರೋಗ್ರಾಮುಗಳಿಗೆ ಲಗಾಮು ಹಾಕಲು. ಅದರ ಪ್ರವೇಶ ಪಾಠದಲ್ಲಿ 5ರ ಫ್ಯಾಕ್ಟೋರಿಯಲ್ 120 ಎಂದು ತೋರಿಸಿ ಕೈಮುಗಿದಿದ್ದಾರೆ. 5ಕ್ಕೇ ನಿಂತದ್ದು ಜಾಣತನ. 13 ಕೊಟ್ಟು ನೋಡಿ: ಪೈಥಾನನ್ನೇ ಕೇಳಿದ್ದರೆ 6227020800 ಎಂದು ಸರಿಯಾಗಿ ಹೇಳುತ್ತಿತ್ತು. ಸಿ ಭಾಷೆಯ 32 ಬಿಟ್ಟಿನ ಇಂಟ್‌ನಲ್ಲಿ ಅದು ಹಿಡಿಯದೆ ಸಾಮಾನ್ಯವಾಗಿ 1932053504 ಬರುತ್ತದೆ. ಬಲ್ಲವನ ಕೈಯಿಂದ ಕೆಲಸ ಕಿತ್ತು ಬಾರದವನಿಗೆ ಕೊಡುವುದನ್ನು ಕಲಿಸಲು ಪಾಠ ಬೇಕೆ? ನಮ್ಮ ಕಚೇರಿಗಳಲ್ಲಿ ಅದು ತಾನಾಗಿಯೇ ಬರುತ್ತದೆ.

ಲೆಕ್ಕ ಬೇಕೆಂದರೆ ಕಲ್ಪತರು ನಾಡಿನಲ್ಲಿ ಲೆಕ್ಕಕ್ಕೆ ಬರವಿಲ್ಲ. 2025ರ ಹಂಗಾಮಿಗೆ ಉಂಡೆ ಕೊಬ್ಬರಿಯ ಬೆಂಬಲ ಬೆಲೆ ಕ್ವಿಂಟಾಲಿಗೆ 12,100 ರೂಪಾಯಿ ಇತ್ತು. ಅರ್ಧ ಕ್ವಿಂಟಾಲಿಗೆ 6,050 ಎಂದು ಮಂಡಿಯ ಹುಡುಗ ಬಾಯಲ್ಲೇ ಹೇಳುತ್ತಾನೆ. ಇದನ್ನೇ ದಶಮಾಂಶ ಹಿಡಿಯುವ ಡಬಲ್‌ನಲ್ಲಿ ಬರೆದು ಸಿಟೈಪ್ಸ್‌ನಿಂದ ಕರೆಯಿರಿ. 0.5 ಕಂಡೊಡನೆ, ಇದನ್ನು ಹೇಗೆ ಕಳಿಸಲಿ ಎಂದು ತಕರಾರು ತೆಗೆಯುತ್ತದೆ. ಅದೇ ಒಳ್ಳೆಯದು. 0.5ರ ಬದಲು ಪೂರ್ಣಾಂಕ 1 ಕೊಟ್ಟರೆ ತಕರಾರೇ ಇಲ್ಲ, ಬಾಯಿಗೆ ಬಂದ ಸಂಖ್ಯೆಯೊಂದನ್ನು ಗಂಭೀರವಾಗಿ ಒಪ್ಪಿಸುತ್ತದೆ. ಏಕೆಂದರೆ ಏನು ಕೊಡುತ್ತೀರಿ, ಏನು ಹಿಂತಿರುಗುತ್ತದೆ ಎಂದು ನೀವು ಬರೆದುಕೊಡದಿದ್ದರೆ, ಬರುವುದೆಲ್ಲ ಇಂಟ್ ಎಂದೇ ಸಿಟೈಪ್ಸ್ ನಂಬುತ್ತದೆ. ಎರಡಕ್ಕೆ ಮೂರು ಕೂಡುವ ಉದಾಹರಣೆ ಸರಿಹೋಗುವುದು ಈ ಒಂದು ಕಾರಣಕ್ಕೆ: ಅಲ್ಲಿ ಎಲ್ಲವೂ ಇಂಟ್. ಗುರುಗಳ ಪಾಂಡಿತ್ಯವಲ್ಲ, ಅದೃಷ್ಟ.

ಇನ್ನು ಹೆಸರಿನ ವಿಚಾರ. ಸಿ ಪುಸ್ತಕಗಳಲ್ಲಿ ಹೆಸರಿಗೆ 20 ಬೈಟ್ ಜಾಗ ಕೊಡುವುದು ಹಳೆಯ ಸಂಪ್ರದಾಯ. ಟಾಮ್, ಬಾಬ್ ಅದರಲ್ಲಿ ಕಾಲು ಚಾಚಿ ಮಲಗುತ್ತಾರೆ. ‘ತಿಪಟೂರು’ ಎಂದು ಬರೆದು ಕಳಿಸಿ. ಓದುವ ನಮಗೆ ನಾಲ್ಕು ಅಕ್ಷರ, ಪೈಥಾನಿನ ಎಣಿಕೆಯಲ್ಲಿ 7, ಯುಟಿಎಫ್-8ರಲ್ಲಿ ಸಿ ಕೈಸೇರುವಾಗ 21 ಬೈಟ್, ಹೆಸರು ಮುಗಿಯಿತೆನ್ನುವ ಕೊನೆಯ ಸೊನ್ನೆ ಬೇರೆ. ತುರುವೇಕೆರೆಗೆ 30, ಚಿಕ್ಕನಾಯಕನಹಳ್ಳಿಗೆ 45. ಮೂರು ತಾಲ್ಲೂಕುಗಳಲ್ಲಿ ಒಂದಕ್ಕೂ ಆ ಇಪ್ಪತ್ತರಲ್ಲಿ ಜಾಗವಿಲ್ಲ! ಹಾಗೆಂದು ಸಿ ಬೇಡವೆನ್ನುವುದೂ ಇಲ್ಲ. ಅಳತೆ ನೋಡದೆ ನಕಲು ಮಾಡಿದರೆ ಮಿಕ್ಕದ್ದು ಪಕ್ಕದ ಮೆಮರಿಯ ಮೇಲೆ ಬೀಳುತ್ತದೆ. ಬದು ಒತ್ತಿದ ಗಲಾಟೆ ಆಗಲೇ ಆಗಬೇಕೆಂದಿಲ್ಲ, ಪರೀಕ್ಷಕರು ಬಂದ ದಿನವೂ ಆಗಬಹುದು.

ಹೆಸರನ್ನು ಯುಟಿಎಫ್-8 ಬೈಟುಗಳಾಗಿ ಬದಲಿಸದೆ ಪೈಥಾನಿನ ಸ್ಟ್ರಿಂಗನ್ನು ಹಾಗೇ ಕೊಟ್ಟರೆ ಇನ್ನೊಂದು ತಮಾಷೆ. ಇಂಗ್ಲಿಷ್ ಹೆಸರಾದರೆ ಸಿ ಭಾಷೆಯ ಪ್ರಿಂಟ್‌ಎಫ್ ಮೊದಲ ಅಕ್ಷರವನ್ನಾದರೂ ಅಚ್ಚು ಮಾಡಿ ನಿಲ್ಲುತ್ತದೆ. ಕನ್ನಡಕ್ಕೆ ಆ ಭಾಗ್ಯವೂ ಇಲ್ಲ. ಹೀಗೆ ಹೋದ ‘ತ’ ಅಕ್ಷರದ ಬೈಟುಗಳಲ್ಲಿ ಎರಡನೆಯದರ ಬೆಲೆ 12, ಹಳೆಯ ಪ್ರಿಂಟರುಗಳಿಗೆ ಅದು ಹೊಸ ಹಾಳೆಗೆ ಹೋಗೆಂಬ ಆಜ್ಞೆ. ನಮ್ಮ ಲಿಪಿಯ ಅಷ್ಟೂ ಅಕ್ಷರಗಳ ಯುನಿಕೋಡ್ ಸಂಖ್ಯೆಯಲ್ಲಿ ಈ 12 ಕೂತಿದೆ. ಕನ್ನಡ ಬರೆದರೆ ಹಾಳೆ ಖಾಲಿ ಹೊರಡುತ್ತದೆ ಎಂದಾಯಿತು. ರಾಜ್ಯೋತ್ಸವದ ಭಾಷಣಕಾರರ ಕಿವಿಗೆ ಇದು ಬೀಳದಿರಲಿ.

ಸಿ ಕಡೆಯಿಂದ ಮೆಮರಿ ಪಡೆದು ಬಂದರೆ ಅದನ್ನು ಬಿಡಿಸಿಕೊಡುವವರು ಯಾರು? ಪಾಠದಲ್ಲಿ ಉತ್ತರವಿಲ್ಲ, ಪ್ರಶ್ನೆಯೂ ಇಲ್ಲ. ಪೈಥಾನ್ ತಪ್ಪಿದರೆ ಯಾವ ಸಾಲಿನಲ್ಲಿ ತಪ್ಪಿದೆನೆಂದು ಹೇಳಿ ತಲೆತಗ್ಗಿಸುತ್ತದೆ. ಸಿ ಎಡವಿದರೆ ‘ಸೆಗ್ಮೆಂಟೇಶನ್ ಫಾಲ್ಟ್’ ಎಂದು ಒಂದೇ ಮಾತು ಒದರಿ ಪೈಥಾನನ್ನೂ ಜೊತೆಗೆ ಕರೆದೊಯ್ಯುತ್ತದೆ. ಇವೆಲ್ಲ ಮುಂದುವರಿದವರಿಗೆ ಎಂದು ಗುರುಗಳು ಮುಂದೂಡುತ್ತಾರೆ. ಹೊಸಬ ಮುಗ್ಗರಿಸುವುದು ಇಲ್ಲೇ ಸ್ವಾಮಿ, ಅದನ್ನು ದಾಟಿದವನಿಗೆ ನಿಮ್ಮ ಪಾಠವೇ ಬೇಡ.

ಆದ್ದರಿಂದ ಉದಾಹರಣೆ ಬರೆಯುವವರಲ್ಲಿ ಒಂದು ವಿನಂತಿ: ಮೊದಲ ಪಾಠದಲ್ಲೇ ಅರ್ಧ ಕ್ವಿಂಟಾಲ್ ಕೊಬ್ಬರಿಗೆ ಬೆಲೆ ಕಟ್ಟಿಸಿ, ಚಿಕ್ಕನಾಯಕನಹಳ್ಳಿ ಎಂಬ ಹೆಸರನ್ನು ಆ ಕಡೆಗೆ ಕಳಿಸಿ ಇಡಿಯಾಗಿ ವಾಪಸ್ಸು ತರಿಸಿ. ಕೂಡುವ ಕೆಲಸ ಪೈಥಾನಿಗೇ ಇರಲಿ, ಅದಕ್ಕೆ ಬರುತ್ತದೆ.