ಕೈ ತೊಳೆದೆ ಸರ್: ಒಂದು ಚೆಕ್‌ಲಿಸ್ಟಿನ ಸಂದರ್ಶನ

ವೈದ್ಯಕೀಯ ಕಾಲೇಜೊಂದರ ಸ್ಕಿಲ್ ಲ್ಯಾಬಿನಲ್ಲಿ, ಕ್ಲಿಪ್‌ಬೋರ್ಡಿಗೆ ಸಿಕ್ಕಿಸಿದ್ದ ಆಸ್ಕಿ (OSCE) ಎಂಬ ಪ್ರಾಯೋಗಿಕ ಪರೀಕ್ಷೆಯ ಚೆಕ್‌ಲಿಸ್ಟ್ ಬಿಡುವಿನಲ್ಲಿ ಮಾತಿಗೆ ಸಿಕ್ಕಿತು.

ಪರೀಕ್ಷಕರ ಅಧಿಕಾರವನ್ನೇ ನೀವು ಕಿತ್ತುಕೊಂಡಿರಿ ಅಂತ ಹಳಬರ ದೂರು.

ಕಿತ್ತುಕೊಂಡಿದ್ದು ಅಧಿಕಾರವನ್ನಲ್ಲ, ಮರ್ಜಿಯನ್ನು. ಒಬ್ಬ ರೋಗಿಯನ್ನು ಪೂರ್ತಿ ಪರೀಕ್ಷಿಸಿ ಪರೀಕ್ಷಕರಿಗೆ ವಿವರಿಸಬೇಕಿದ್ದ ಲಾಂಗ್ ಕೇಸ್ ಕಾಲ ನೆನಪಿಸಿಕೊಳ್ಳಿ. ಒಬ್ಬ ವಿದ್ಯಾರ್ಥಿನಿಯ ಪಾಲಿಗೆ ಲಕ್ಷಣಗಳನ್ನೆಲ್ಲ ತಾನೇ ಒಪ್ಪಿಸುವ ರೋಗಿ, ಮತ್ತೊಬ್ಬಳ ಪಾಲಿಗೆ ಬಾಯಿ ಬಿಡದ ಅಜ್ಜ. ಜೊತೆಗೆ ಹೊರಗಿನಿಂದ ಬಂದ ಪರೀಕ್ಷಕ, ಎಕ್ಸ್‌ಟರ್ನಲ್ ಸಾಹೇಬರ ಅಂದಿನ ಮೂಡು. ಸ್ಕಾಟ್ಲೆಂಡಿನ ಡಂಡಿಯಲ್ಲಿ ರೊನಾಲ್ಡ್ ಹಾರ್ಡನ್ ಮತ್ತು ಸಂಗಡಿಗರು 1975ರಲ್ಲಿ ಮುಂದಿಟ್ಟ ಉಪಾಯ ಸರಳವಾಗಿತ್ತು: ಪರೀಕ್ಷೆಯನ್ನು ಸಣ್ಣ ಸ್ಟೇಷನ್‌ಗಳಾಗಿ ಒಡೆಯಿರಿ, ಎಲ್ಲರಿಗೂ ಅದೇ ಕೆಲಸ, ಅಷ್ಟೇ ಸಮಯ, ಮೊದಲೇ ಬರೆದಿಟ್ಟ ಅದೇ ಹಾಳೆ. ಆ ಹಾಳೆ ನಾನು.

ಈಗ ಮಕ್ಕಳು ನಿಮ್ಮನ್ನೇ ಬಾಯಿಪಾಠ ಮಾಡುತ್ತಾರಲ್ಲ?

ಮಾಡಲಿ. ರೋಗಿಯ ಹೆಸರು ಖಚಿತಪಡಿಸಿಕೊಳ್ಳುವುದು, ಇಂಜೆಕ್ಷನ್ನಿಗೆ ಮುಂಚೆ ಅಲರ್ಜಿ ಕೇಳುವುದು, ಇವು ಬಾಯಿಪಾಠವಾದರೇ ಕ್ಷೇಮ. ಆದರೆ ನೀರು ಮುಟ್ಟದೆ "ಕೈ ತೊಳೆದೆ ಸರ್" ಅಂದರೂ ನನ್ನಲ್ಲಿ ಟಿಕ್ ಬೀಳುತ್ತದೆ. ಹನ್ನೊಂದನೆಯ ಸಾಲು ನೋಡಿ: "ಸಹಾನುಭೂತಿ ತೋರಿದರು, 1 ಅಂಕ." ಬೆಳಗಿನ ಬ್ಯಾಚಿನ ಹುಡುಗ, ಕಣ್ಣು ಗಡಿಯಾರದ ಮೇಲಿಟ್ಟು, "ನಿಮ್ಮ ಕಷ್ಟ ಅರ್ಥವಾಗುತ್ತೆ ಅಮ್ಮಾ" ಎಂದ. ಮಲಗಿದ್ದದ್ದು ಗಂಡು ಬೊಂಬೆ. ಅಂಕ ಬಂತು.

ಹಾಗಾದರೆ ನುರಿತ ಡಾಕ್ಟರರಿಗೆ ನಿಮ್ಮಲ್ಲಿ ಪೂರ್ತಿ ಅಂಕ ಬರಬೇಕಲ್ಲವೆ?

ನನ್ನ ಮರ್ಯಾದೆ ಹೋಗುವ ಪ್ರಶ್ನೆ ಇದೇ. ಟೊರಾಂಟೊದ ಬ್ರಯನ್ ಹಾಡ್ಜಸ್ ಮತ್ತು ಜೊತೆಗಾರರು 1999ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ವಿದ್ಯಾರ್ಥಿಗಳು, ರೆಸಿಡೆಂಟರು, ಅನುಭವಿ ಕುಟುಂಬವೈದ್ಯರು, ಈ ಮೂರೂ ಗುಂಪಿನವರನ್ನು ಮನೋರೋಗದ ಸ್ಟೇಷನ್‌ಗಳಲ್ಲಿ ಕೂರಿಸಿದರು. ಚೆಕ್‌ಲಿಸ್ಟಿನಲ್ಲಿ ಎಲ್ಲರಿಗಿಂತ ಕಡಿಮೆ ಅಂಕ ಅನುಭವಿಗಳಿಗೆ! ಪಳಗಿದವರು ನಾಲ್ಕು ಪ್ರಶ್ನೆಯಲ್ಲಿ ರೋಗದ ಜಾಡು ಹಿಡಿಯುತ್ತಾರೆ. ಉಳಿದದ್ದನ್ನು ಕೇಳುವುದೇ ಇಲ್ಲ. ನಾನು ಎಣಿಸುವುದು ಕೇಳಿದ ಪ್ರಶ್ನೆಗಳನ್ನು, ಕೇಳದೆ ಬಿಟ್ಟ ಜಾಣತನವನ್ನಲ್ಲ. ಶಸ್ತ್ರಚಿಕಿತ್ಸೆಯ ಕೈಕೆಲಸದಲ್ಲಾದರೂ ಗೆಲ್ಲುತ್ತೇನೆ ಅಂದುಕೊಂಡಿದ್ದೆ. 1998ರಲ್ಲಿ ಗ್ಲೆನ್ ರೆಗೆಹ್ರ್ ತಂಡ ಹೋಲಿಸಿ ನೋಡಿದಾಗ, ಅಲ್ಲೂ ತಜ್ಞರು ಒಟ್ಟಾರೆ ನೋಡಿ ಕೊಟ್ಟ ಅಂಕವೇ ನನಗಿಂತ ನಂಬಿಕಸ್ತವಾಗಿತ್ತು.

ಒಟ್ಟಾರೆ ನೋಡಿ ಅಂಕ ಅಂದರೆ ಹಿಂಬಾಗಿಲಿನಿಂದ ಮತ್ತೆ ಮರ್ಜಿ ತಾನೆ?

(ಈ ಆಕ್ಷೇಪಣೆಯಲ್ಲಿ ಹುರುಳಿದೆ; ಹಾಳೆಯೂ ಕೊಂಚ ತಡೆದೇ ಉತ್ತರಿಸಿತು.) ಒಬ್ಬನೇ ಪರೀಕ್ಷಕನಾದರೆ ಹೌದು. ಹತ್ತಾರು ಸ್ಟೇಷನ್, ಪ್ರತಿಯೊಂದರಲ್ಲೂ ಬೇರೆ ಕಣ್ಣು ಇದ್ದರೆ ಒಬ್ಬರ ಸಿಟ್ಟು ಇನ್ನೊಬ್ಬರ ಔದಾರ್ಯದಲ್ಲಿ ಕರಗುತ್ತದೆ. ನ್ಯಾಯ ಸಿಕ್ಕಿದ್ದರಲ್ಲಿ ಟಿಕ್ಕಿಗಿಂತ ಆ ಹಂಚಿಕೆಯ ಪಾಲೇ ದೊಡ್ಡದು. ಹೊಗಳಿಕೆ ಮಾತ್ರ ನನಗೆ ಬಂತು. ಒಟ್ಟಾರೆ ಅಂಕ ಮರ್ಜಿಯಾಗದಿರಬೇಕಾದರೆ, "ಚೆನ್ನಾಗಿದೆ" ಎಂದರೆ ಏನು, "ಗಡಿಯಲ್ಲಿದೆ" ಎಂದರೆ ಏನು ಎಂಬುದನ್ನು ವಾಕ್ಯದಲ್ಲಿ ಬರೆದುಕೊಟ್ಟು, ಪರೀಕ್ಷಕರನ್ನು ಮೊದಲೇ ಕೂರಿಸಿ ಒಂದೇ ವಿಡಿಯೊಗೆ ಅಂಕ ಹಾಕಿಸಿ ಹೋಲಿಸಬೇಕು. ಅದಕ್ಕೆ ದಿನ ಬೇಕು, ಜನ ಬೇಕು. ನನಗೋ, ಜೆರಾಕ್ಸ್ ಸಾಕು.

2019ರಿಂದ ನಮ್ಮ ಎಂಬಿಬಿಎಸ್ ಪಠ್ಯಕ್ರಮ ಕೂಡ ಸಾಮರ್ಥ್ಯ ಆಧಾರಿತ. ನಿಮಗೆ ಇನ್ನಷ್ಟು ಬೇಡಿಕೆ ಬಂದಿರಬೇಕು.

ಬಂದಿದೆ, ಅದೇ ಭಯ. ಇಂಜೆಕ್ಷನ್, ಕ್ಯಾತಿಟರ್, ಸಿಪಿಆರ್, ಹೊಸಬರ ಈ ಪಾಠಗಳಿಗೆ ನನ್ನನ್ನು ಇಟ್ಟುಕೊಳ್ಳಿ. ತಪ್ಪಿದ ಹೆಜ್ಜೆ ಯಾವುದೆಂದು ಬೆರಳಿಟ್ಟು ತೋರಿಸುತ್ತೇನೆ. ಹನ್ನೊಂದನೆಯ ಸಾಲನ್ನು ಮಾತ್ರ ಹೊಡೆದುಹಾಕಿ. ಬೊಂಬೆಯ ಬದಲು ರೋಗಿಯ ಪಾತ್ರಕ್ಕೆ ಮನುಷ್ಯರನ್ನು ಕೂರಿಸಿ, ಆ ಅಂಕ ಅವರೇ ಹಾಕಲಿ.