ಕಲಾಪ ಕಾಲಶಾಸ್ತ್ರ ಪ್ರವೇಶಿಕೆ

ಕಲಾಪ ಕಾಲವೆಂಬುದು ವಿಧಾನಸಭೆಯೊಳಗೆ ಮಾತ್ರ ಹರಿಯುವ ಕಾಲವಿಶೇಷ. ಹೊರಗೆ, ಶಿವಾಜಿನಗರದ ಬಸ್ ನಿಲ್ದಾಣದಲ್ಲಾಗಲಿ ಕೆ.ಆರ್. ಪುರದ ತೂಗುಸೇತುವೆಯ ಮೇಲಾಗಲಿ, ಕಳೆದ ಹೊತ್ತನ್ನು ಗಡಿಯಾರ ಅಳೆಯುತ್ತದೆ. ಸದನದೊಳಗಿನ ಹೊತ್ತನ್ನು ಅಳೆಯುವವರು ಸಭಾಧ್ಯಕ್ಷರು, ಆಡಳಿತ ಪಕ್ಷ ಹಾಗೂ ವಿರೋಧ ಪಕ್ಷ. ಮೂವರೂ ಒಪ್ಪಿದರೆ ಗಂಟೆಗೆ 60 ನಿಮಿಷ. ಒಪ್ಪದಿದ್ದರೆ ಇಷ್ಟೇ ಎನ್ನಲಾಗದು.

ಈ ಶಾಸ್ತ್ರದ ಮೂಲಸೂತ್ರ ಸಂವಿಧಾನದ 174ನೇ ವಿಧಿಯಲ್ಲಿದೆ: ಎರಡು ಅಧಿವೇಶನಗಳ ನಡುವೆ ಆರು ತಿಂಗಳು ಮೀರಕೂಡದು. ಇದಕ್ಕೆ ಕರ್ನಾಟಕ 2005ರಲ್ಲಿ ಕಾಯ್ದೆಯೊಂದನ್ನೇ ಮಾಡಿ, ವರ್ಷಕ್ಕೆ ಕನಿಷ್ಠ 60 ದಿನ ಸದನ ಸೇರಬೇಕೆಂದು ಭಾಷ್ಯ ಬರೆಯಿತು. ಕಾಯ್ದೆ ಅಂಗೀಕಾರವಾಗಿದೆ, ಅರವತ್ತು ದಿನಗಳು ಮಾತ್ರ ಇನ್ನೂ ಪರಿಶೀಲನೆಯಲ್ಲಿರುವಂತೆ ತೋರುತ್ತದೆ.

ಯಾವ ವಿಷಯಕ್ಕೆ ಎಷ್ಟು ಹೊತ್ತು ಎಂಬುದನ್ನು ಕಲಾಪ ಸಲಹಾ ಸಮಿತಿ ನಿಗದಿ ಮಾಡುತ್ತದೆ. ಸಮಿತಿಯಲ್ಲಿ ಎಲ್ಲರೂ ಒಪ್ಪುತ್ತಾರೆ. ಒಪ್ಪಿದ್ದನ್ನು ಸದನದಲ್ಲಿ ನೆನಪಿಸಿದಾಗಲೇ ಭಿನ್ನಮತ ಹುಟ್ಟುವುದು. ಆಗ ವಿರೋಧ ಪಕ್ಷವು ನಿಯಮ 60ರಡಿ ನಿಲುವಳಿ ಸೂಚನೆ ಮಂಡಿಸಿ, ಪಟ್ಟಿಯಲ್ಲಿರುವ ಎಲ್ಲವನ್ನೂ ಬದಿಗೊತ್ತಿ ತನ್ನ ವಿಷಯ ಎತ್ತಿಕೊಳ್ಳಿ ಎನ್ನುತ್ತದೆ. ಅಂಥ ತುರ್ತೇನೂ ಇಲ್ಲ ಎಂದು ಸರ್ಕಾರ ಹೇಳುತ್ತದೆ. ಸಭಾಧ್ಯಕ್ಷರು ಸೂಚನೆಯನ್ನು ನಿಯಮ 69ಕ್ಕೆ ಪರಿವರ್ತಿಸಿ ಚರ್ಚೆಗೆ ಅವಕಾಶ ಕೊಡುತ್ತಾರೆ. ಒಬ್ಬರಿಗೆ ಚರ್ಚೆ ಸಿಕ್ಕಿತು, ಇನ್ನೊಬ್ಬರಿಗೆ ನಿಲುವಳಿ ತಪ್ಪಿತು. ಈ ಎರಡು ನಿಯಮಗಳ ಅಂತರ ಗಣಿತದಲ್ಲಿ ಒಂಬತ್ತು, ಸದನದಲ್ಲಿ ಅರ್ಧ ದಿನ.

ಪರಿವರ್ತನೆ ಫಲಿಸದಿದ್ದರೆ ಪೀಠದ ಮುಂದಿನ ಬಾವಿ, ಧರಣಿ, ಸಭಾತ್ಯಾಗ. ಸಭಾತ್ಯಾಗದ ತತ್ವ ತಿಳಿಯಬಯಸುವವರು ರಸೆಲ್ ಮಾರುಕಟ್ಟೆಯ ಚೌಕಾಸಿ ನೋಡಬೇಕು: ಬೇಡವೆಂದು ಹೊರಟ ಗಿರಾಕಿಯ ಹೆಜ್ಜೆ ನಿಧಾನವಾಗಿರುವುದು ಹಿಂದಿನಿಂದ ಕೂಗು ಕೇಳಿಸಲೆಂದೇ. ಸದನದಲ್ಲಿ ಆ ಕೂಗು ಸಭಾಧ್ಯಕ್ಷರ ಕೊಠಡಿಯಿಂದ ಬರುತ್ತದೆ. ಅದಕ್ಕೆ ಸಂಧಾನ ಸಭೆ ಎಂದು ಹೆಸರು. ಈ ನಡುವೆ ಗದ್ದಲದಲ್ಲೇ ಒಂದೆರಡು ವಿಧೇಯಕಗಳು ಚರ್ಚೆಯಿಲ್ಲದೆ ಪಾಸಾದರೆ, ಸಮಯ ಉಳಿತಾಯದ ಲೆಕ್ಕಕ್ಕೆ ಅದನ್ನೂ ಸೇರಿಸಬೇಕು.

ಊಟದ ಅಧ್ಯಾಯ ಚಿಕ್ಕದಾದರೂ ಖಾರವಾದದ್ದು. 2023ರ ಜುಲೈ 19ರಂದು ಊಟದ ವಿರಾಮವಿಲ್ಲದೆ ಕಲಾಪ ನಡೆಸಲು ಸಭಾಧ್ಯಕ್ಷ ಯು.ಟಿ. ಖಾದರ್ ಮುಂದಾದರು. ಪೀಠದತ್ತ ಹರಿದ ಕಾಗದ ತೂರಿಬಂತು, ಬಿಜೆಪಿಯ ಹತ್ತು ಸದಸ್ಯರು ಅಮಾನತಾದರು. 2025ರ ಹೊತ್ತಿಗೆ ಶಾಸ್ತ್ರ ಮುಂದುವರಿದಿತ್ತು: ಉಂಡವರು ಮನೆಗೆ ಹೋಗದೆ ಸದನಕ್ಕೇ ಮರಳಲೆಂದು ಮೊಗಸಾಲೆಯಲ್ಲಿ ಒರಗು ಕುರ್ಚಿಗಳ ವ್ಯವಸ್ಥೆಯಾಯಿತು. ಹಸಿವನ್ನು ಎದುರಿಸುವುದಕ್ಕಿಂತ ನಿದ್ದೆಯನ್ನು ಒಳಗೆ ಕರೆದುಕೊಳ್ಳುವುದು ಲೇಸೆಂಬುದು ಇಲ್ಲಿನ ಸಿದ್ಧಾಂತ.

ಇವೆಲ್ಲವೂ ಪ್ರಾಥಮಿಕ ಪಾಠ. ಪ್ರೌಢ ವ್ಯಾಸಂಗಕ್ಕೆ 2019ರ ಜುಲೈ ತಿಂಗಳೇ ಗತಿ. ಕಾಂಗ್ರೆಸ್-ಜೆಡಿಎಸ್ ಸಮ್ಮಿಶ್ರ ಸರ್ಕಾರದ ಶಾಸಕರು ಸಾಲುಸಾಲಾಗಿ ರಾಜೀನಾಮೆ ಬರೆದಿದ್ದರು; ಶಿವಾಜಿನಗರದ ಆರ್. ರೋಷನ್ ಬೇಗ್, ಕೆ.ಆರ್. ಪುರದ ಬೈರತಿ ಬಸವರಾಜ್ ಕೂಡ ಅವರಲ್ಲಿದ್ದರು. 12ರಂದು ಮುಖ್ಯಮಂತ್ರಿ ಎಚ್.ಡಿ. ಕುಮಾರಸ್ವಾಮಿ ತಾವಾಗಿಯೇ ವಿಶ್ವಾಸಮತಕ್ಕೆ ಸಮಯ ಕೇಳಿದರು. 15ರಂದು ಕಲಾಪ ಸಲಹಾ ಸಮಿತಿ ಸೇರಿ, 18ರ ಬೆಳಿಗ್ಗೆ 11 ಗಂಟೆ ಎಂದು ನಿಗದಿ ಮಾಡಿತು. ಗಮನಿಸಬೇಕು: ನಿಗದಿಯಾದದ್ದು ಆರಂಭ, ಅಂತ್ಯದ ಬಗ್ಗೆ ಯಾರೂ ಮಾತು ಕೊಟ್ಟಿರಲಿಲ್ಲ.

ಒಂದು ಸಾಲಿನ ನಿರ್ಣಯ ಮಂಡನೆಯಾಯಿತು. ಸದನಕ್ಕೆ ಬರುವಂತೆ ರಾಜೀನಾಮೆ ಕೊಟ್ಟವರನ್ನು ಬಲವಂತಪಡಿಸಬಾರದೆಂದು ಸುಪ್ರೀಂ ಕೋರ್ಟ್ ಹಿಂದಿನ ದಿನವಷ್ಟೇ ಹೇಳಿತ್ತು. ಹಾಗಾದರೆ ಪಕ್ಷದ ವಿಪ್‌ನ ಗತಿಯೇನು ಎಂದು ಕಾಂಗ್ರೆಸ್ ನಾಯಕ ಸಿದ್ದರಾಮಯ್ಯ ಕ್ರಿಯಾಲೋಪ ಎತ್ತಿದರು. ಒಂದು ಸಾಲಿನ ಮೇಲೆ ದಿನವೊಂದು ಹರಡಿಕೊಂಡಿತು. ಮತಕ್ಕೆ ಹಾಕಿ ಎನ್ನುತ್ತ ಬಿಜೆಪಿ ಸದಸ್ಯರು ರಾತ್ರಿ ಅಲ್ಲೇ ಮಲಗಿದರು. ರಾಜ್ಯಪಾಲ ವಜುಭಾಯಿ ವಾಲಾ ಮರುದಿನ ಮಧ್ಯಾಹ್ನ 1.30ರ ಗಡುವು ಕೊಟ್ಟರು. ಅದು ಮೀರಿದ ಮೇಲೆ ಅಂದೇ ಮುಗಿಸಬೇಕೆಂದು ಇನ್ನೊಂದು ಕೊಟ್ಟರು, ಅದೂ ಮೀರಿತು. ಶನಿವಾರ, ಭಾನುವಾರ ರಜೆ. ಸರ್ಕಾರ ಉರುಳುವ ಹೊತ್ತಿನಲ್ಲೂ ವಾರಾಂತ್ಯದ ಪಾವಿತ್ರ್ಯ ಕೆಡಲಿಲ್ಲ. ಸೋಮವಾರ ಮಧ್ಯರಾತ್ರಿಯ ಅಂಚಿನವರೆಗೆ ಮಾತು ಸಾಗಿತು. ಎರಡೂ ಕಡೆಯಿಂದ ಬೈಗುಳ ತಿಂದ ಸಭಾಧ್ಯಕ್ಷ ಕೆ.ಆರ್. ರಮೇಶ್ ಕುಮಾರ್ 23ರ ಸಂಜೆ ನಿರ್ಣಯವನ್ನು ಮತಕ್ಕೆ ಹಾಕಿದರು. ಪರ 99, ವಿರುದ್ಧ 105. ಕೂಡಿ ಕಳೆಯಲು ಕೆಲವೇ ನಿಮಿಷ ಬೇಕಿದ್ದ ಈ ಲೆಕ್ಕಕ್ಕೆ ನಾಲ್ಕು ದಿನದ ಕಲಾಪ ಹಿಡಿಯಿತು.

28ರಂದು ಬೇಗ್, ಬಸವರಾಜ್ ಸೇರಿ 14 ಮಂದಿ ಅನರ್ಹರಾದರು. ಅಂದಿಗೆ ಹಲಸೂರನ್ನೊಳಗೊಂಡ ಶಿವಾಜಿನಗರ, ಕೆ.ಆರ್. ಪುರದ ಮತದಾರರೂ ಕಲಾಪ ಕಾಲದ ವ್ಯಾಪ್ತಿಗೆ ಬಂದರು. ಉಪಚುನಾವಣೆಗೆ ಅಕ್ಟೋಬರ್ 21 ಗೊತ್ತಾಗಿತ್ತು. ಅನರ್ಹರ ಅರ್ಜಿ ಸುಪ್ರೀಂ ಕೋರ್ಟಿನಲ್ಲಿದ್ದುದರಿಂದ ಅದನ್ನು ಡಿಸೆಂಬರ್ 5ಕ್ಕೆ ಮುಂದೂಡಲಾಯಿತು.