29 ಅಕ್ಷರದ ಗೂಡು

(ಶಿಡ್ಲಘಟ್ಟದ ರೇಷ್ಮೆಗೂಡು ಮಾರುಕಟ್ಟೆ ಎದುರಿನ ಟೀ ಅಂಗಡಿ. ಮಗ ಚಿಂತಾಮಣಿಯ ಇಂಗ್ಲಿಷ್ ಕೋಚಿಂಗ್‌ನಿಂದ ಬಂದಿದ್ದಾನೆ.)

ಅಪ್ಪ: ಏನೋ ಕಲಿಸ್ತಾರೆ ಅಲ್ಲಿ?

ಮಗ: ವೊಕ್ಯಾಬುಲರಿ ಅಪ್ಪಾ. ಅಡ್ವಾನ್ಸ್ಡು!

ಅಪ್ಪ: ಅಡ್ವಾನ್ಸು ನಾನೇ ಕೊಟ್ಟಿದ್ದು. ಲಾರಿ ಎಲ್ಲಿ?

ಮಗ: ಲಾರಿಯಲ್ಲ, ಪದ! ದಿನಕ್ಕೆ ಐದು. ಇವತ್ತಿಂದು ಫ್ಲಾಕ್ಸಿನಾಸಿನಿಹಿಲಿಪಿಲಿಫಿಕೇಶನ್. ಇಂಗ್ಲಿಷಲ್ಲಿ 29 ಅಕ್ಷರ. 2018ರಲ್ಲಿ ತರೂರ್ ಟ್ವೀಟ್ ಮಾಡಿದ್ರು.

ಅಪ್ಪ: ತರೂರಾ? ಗೌರಿಬಿದನೂರು ದಾಟಿದ ಮೇಲೆ ಬರುತ್ತಾ?

ಟೀ ಅಂಗಡಿಯವ: ಅರ್ಥ ಏನಪ್ಪಾ?

ಮಗ: ಯಾವುದಕ್ಕಾದ್ರೂ ಬೆಲೆಯೇ ಇಲ್ಲ ಅಂತ ತಳ್ಳಿಹಾಕೋದು.

ಅಪ್ಪ: ಓ, ಅದಾ! ನಮ್ಮ ರೀಲರುಗಳು ದಿನಾ ಮಾಡ್ತಾರಲ್ಲ. ಗೂಡು ಕಿವಿ ಹತ್ರ ಅಲ್ಲಾಡಿಸ್ತಾರೆ, ಮೂಗು ಮುರೀತಾರೆ. ಮುಗೀತು. ಒಂದಕ್ಷರ ಖರ್ಚಿಲ್ಲ.

ಟೀ ಅಂಗಡಿಯವ: ಎಲ್ಲಿ, ಅದನ್ನ ಒಂದು ವಾಕ್ಯದಲ್ಲಿ ಹಾಕು.

ಮಗ: ವಾಕ್ಯ ಮುಂದಿನ ತಿಂಗಳು. ಅದಕ್ಕೆ ಫೀಸು ಬೇರೆ.

ಅಪ್ಪ: ಹೋಗ್ಲಿ, ಮನೇಲಿ ಹುಳ ಹೇಗವೆ?

ಮಗ: ಮೆಟಮಾರ್ಫಸಿಸ್ ಆಗ್ತಿದೆ.

ಅಪ್ಪ: ಅದೆಲ್ಲ ಇರ್ಲಿ. ಮೂರನೇ ಜ್ವರದಿಂದ ಎದ್ವಾ?

(ಹುಳ ಪೊರೆ ಬಿಡೋದಕ್ಕೆ ಇಲ್ಲಿ ಜ್ವರ ಅಂತಾರೆ. ಹಿಪ್ಪುನೇರಳೆ ಬೆಳೆಯೋ ಮನೆಗಳಲ್ಲಿ ಹಾಲುಗಲ್ಲದ ಮಗುವಿಗೂ ಗೊತ್ತು.)

ಮಗ: ಅಯ್ಯೋ, ಮೂರು ಸಲ ಬಂತಾ? ಪ್ಯಾರಸಿಟಮಾಲ್ ತರ್ಲಾ?